ಯಾರೂ ನೋಡದ ಕಲ್ಲು

ರಾಕೆಟ್ ಕಟ್ಟಿ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟ ಆಡುವವರಿಗೆ ಟ್ರ್ಯಾಕಿಂಗ್ ಸ್ಟೇಷನ್ ಗೊತ್ತೇ ಇರುತ್ತದೆ. ನಾವು ಹಾರಿಸಿದ ನೌಕೆಗಳು, ದಾರಿಯಲ್ಲಿ ಕಳಚಿ ಬಿಟ್ಟ ಟ್ಯಾಂಕುಗಳು, ಆಟದ ಚಂದ್ರನಾದ ಮುನ್ ಮೇಲೆ ನೆಟ್ಟ ಬಾವುಟ, ಎಲ್ಲವೂ ಅಲ್ಲಿ ಸಾಲಾಗಿ ಸಿಗುತ್ತವೆ. ಮೇಲಿರುವ ಒಂದು ಗುಂಡಿ ಒತ್ತಿದರೆ ಇನ್ನೊಂದು ಬಗೆಯ ವಸ್ತುಗಳೂ ಕಾಣುತ್ತವೆ. ಅವುಗಳನ್ನು ಯಾರೂ ಹಾರಿಸಿದ್ದಲ್ಲ. ಅಲ್ಲಿನ ಸೂರ್ಯನ ಸುತ್ತ ತಮ್ಮ ಪಾಡಿಗೆ ತಾವು ತಿರುಗುತ್ತಾ, ಆಟದ ಭೂಮಿಯಾದ ಕರ್ಬಿನ್ ಗ್ರಹದ ಹತ್ತಿರಕ್ಕೆ ಬಂದಿರುವ ಕ್ಷುದ್ರಗ್ರಹಗಳು ಅವು. ಒಂದನ್ನು ಆರಿಸಿ ಟ್ರ್ಯಾಕ್ ಮಾಡು ಎಂದು ಒತ್ತಿದರೆ ಅದರ ಕಕ್ಷೆಯ ಗೆರೆ ಮ್ಯಾಪಿನಲ್ಲಿ ಮೂಡುತ್ತದೆ. ಅಲ್ಲಿಂದ ಮುಂದೆ ಅದು ನಮ್ಮ ಲೆಕ್ಕಕ್ಕೆ ಸೇರಿದ ಕಲ್ಲು. ಒತ್ತದೆ ಸುಮ್ನೆ ಬಿಟ್ಟರೆ, ಆಟದ ಕೆಲವು ದಿನಗಳು ಕಳೆದ ಮೇಲೆ ಅದು ಪಟ್ಟಿಯಿಂದ ಮಾಯವಾಗುತ್ತದೆ.

ಈ ಮಾಯವಾಗುವುದು ನನ್ನನ್ನು ತುಂಬಾ ದಿನಗಳಿಂದ ಕಾಡುತ್ತಿದೆ. ಆಟ ಬರೆದವರ ಕಾರಣ ಅರ್ಥವಾಗುತ್ತದೆ. ಹುಟ್ಟಿದ ಪ್ರತಿಯೊಂದು ಕಲ್ಲನ್ನೂ ಕೊನೆಯವರೆಗೆ ಲೆಕ್ಕದಲ್ಲಿ ಇಟ್ಟುಕೊಂಡರೆ ಕಂಪ್ಯೂಟರ್ ಸುಸ್ತಾಗುತ್ತದೆ. ಆಟಗಾರನಿಗೆ ಬೇಡದ್ದನ್ನು ತೆಗೆದುಹಾಕುವುದು ಜಾಣತನವೇ. ಆದರೆ ಕ್ಷುದ್ರಗ್ರಹಗಳ ವಿಷಯದಲ್ಲಿ ಮಾತ್ರ ಈ ಒಂದು ಸಣ್ಣ ನಿಯಮ ಇಡೀ ಕಥೆಯನ್ನೇ ತಲೆಕೆಳಗು ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಆಟದಲ್ಲಿ ನಾವು ನೋಡದ ಕಲ್ಲು ಇಲ್ಲವಾಗುತ್ತದೆ. ನಾವಿರುವ ಭೂಮಿಯ ಮಟ್ಟಿಗೆ, ಯಾರೂ ನೋಡದ ಕಲ್ಲಿಗೇ ಜಾಸ್ತಿ ಹೆದರಬೇಕು.

ಈ ಆಟವನ್ನು ಮಾಡಿದ್ದು ಮೆಕ್ಸಿಕೋ ಸಿಟಿಯ ಸ್ಕ್ವಾಡ್ ಎಂಬ ಕಂಪನಿ. 2011ರಲ್ಲಿ ಮೊದಲ ಆವೃತ್ತಿ ಹೊರಗೆ ಬಂತು. ಕ್ಷುದ್ರಗ್ರಹಗಳು ಬಂದದ್ದು 2014ರ ಏಪ್ರಿಲ್‌ನಲ್ಲಿ, ನಾಸಾ ಜೊತೆ ಸೇರಿ ಮಾಡಿದ ಒಂದು ಅಪ್‌ಡೇಟ್‌ನಲ್ಲಿ. ಆಗ ನಾಸಾ ಒಂದು ಸಣ್ಣ ಕ್ಷುದ್ರಗ್ರಹವನ್ನು ಹಿಡಿದು ಚಂದ್ರನ ಹತ್ತಿರಕ್ಕೆ ಎಳೆದು ತರುವ ಯೋಜನೆ ಹಾಕಿಕೊಂಡಿತ್ತು. ಆ ಯೋಜನೆಯ ಹೆಸರನ್ನೇ ಅಪ್‌ಡೇಟ್‌ಗೂ ಇಟ್ಟರು: ಆಸ್ಟರಾಯ್ಡ್ ರೀಡೈರೆಕ್ಟ್ ಮಿಷನ್. ಕಲ್ಲುಗಳ ಜೊತೆಗೆ ಅವನ್ನು ಕಚ್ಚಿ ಹಿಡಿಯುವ ಒಂದು ಉಪಕರಣವೂ ಬಂತು. ಆಡುವವರೆಲ್ಲ ಅದನ್ನು 'ಕ್ಲಾ' ಎನ್ನುತ್ತಾರೆ.

ಹಿಡಿದು ತಳ್ಳುವುದು

ಕ್ಷುದ್ರಗ್ರಹ ಹಿಡಿಯುವುದು ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ. ಕಲ್ಲುಗಳು ಎ ಇಂದ ಇ ವರೆಗೆ ಐದು ವರ್ಗಗಳಲ್ಲಿ ಬರುತ್ತವೆ. ಎ ವರ್ಗದ್ದು ಕೆಲವೇ ಟನ್. ಅದನ್ನು ಪುಟ್ಟ ನೌಕೆಯೂ ಎಳೆದೊಯ್ಯುತ್ತದೆ. ಸಿ ವರ್ಗಕ್ಕೆ ಬಂದರೆ ನೌಕೆಗಿಂತ ಕಲ್ಲೇ ಭಾರ. ಒಂದು ಮಳೆಗಾಲದ ರಾತ್ರಿ ನಾನು ಹಿಡಿದ ಸಿ ವರ್ಗದ ಕಲ್ಲೊಂದು ಇನ್ನೂ ಚೆನ್ನಾಗಿ ನೆನಪಿದೆ. ಅದರ ತೂಕ ಸುಮಾರು 150 ಟನ್, ನನ್ನ ನೌಕೆಯದ್ದು ಸುಮಾರು 30. ಕಲ್ಲಿನ ಗೆರೆ ನೇರವಾಗಿ ಕರ್ಬಿನ್ ಮೇಲೆಯೇ ಮುಗಿಯುತ್ತಿತ್ತು. ಅದನ್ನು ತಪ್ಪಿಸಿ, ಗ್ರಹದ ಪಕ್ಕದಲ್ಲೇ ಹಾದುಹೋಗುವಂತೆ ಮಾಡಿ, ಆಮೇಲೆ ಕಕ್ಷೆಗೆ ಇಳಿಸಬೇಕು ಎನ್ನುವುದು ನನ್ನ ಲೆಕ್ಕ.

ಹತ್ತಿರ ಹೋಗುವುದೇ ಒಂದು ಧ್ಯಾನ. ಮೊದಲು ಒಂದು ಚುಕ್ಕಿ. ಎರಡು ಕಿಲೋಮೀಟರ್ ದೂರದಲ್ಲಿ ಅದಕ್ಕೊಂದು ಆಕಾರ ಬರುತ್ತದೆ. ಇನ್ನೂರು ಮೀಟರ್‌ಗೆ ಬಂದಾಗ ಕಂದು ಬಣ್ಣದ ಉಬ್ಬುತಗ್ಗುಗಳು ಪರದೆ ತುಂಬಾ ಹರಡುತ್ತವೆ. ವೇಗವನ್ನು ಸೆಕೆಂಡಿಗೆ ಅರ್ಧ ಮೀಟರ್‌ಗೆ ಇಳಿಸಿ, ಕ್ಲಾ ತೆರೆದು, ಕೈ ಕಟ್ಟಿ ಕಾಯುತ್ತಾ ಕೂತೆ. ಕಚ್ಚಿಕೊಂಡಿತು. ಆ ಕ್ಷಣದಿಂದ ನೌಕೆ ಮತ್ತು ಕಲ್ಲು ಒಂದೇ ವಸ್ತು. ದಿಕ್ಕು ತಿರುಗಿಸಲು ನೋಡಿದರೆ ಮುಂಚಿನ ಚುರುಕು ಇಲ್ಲವೇ ಇಲ್ಲ. ದ್ರವ್ಯರಾಶಿ ಅನ್ನುವುದು ಗುರುತ್ವ ಇಲ್ಲದ ಕಡೆಯೂ ಎಷ್ಟು ಹಟಮಾರಿ ಎಂದು ಬೆರಳ ತುದಿಗೆ ತಿಳಿಯುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಜಡತ್ವ ಎಂಬ ಮಾತಿನ ಕೆಳಗೆ ಗೆರೆ ಎಳೆದು ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ನಾನು ಒತ್ತಿದ ಕೀಲಿಗೆ 180 ಟನ್ ವಸ್ತುವೊಂದು ಎಷ್ಟೋ ಹೊತ್ತಿನ ಮೇಲೆ ನಿಧಾನವಾಗಿ ಮುಖ ತಿರುಗಿಸಿದ್ದನ್ನು ನೋಡಿದಾಗ ಆ ಮಾತಿಗೆ ಮೈ ಬಂತು.

ತಳ್ಳುವ ಮೊದಲು ಇನ್ನೊಂದು ಕೆಲಸ ಇದೆ. ಎಂಜಿನ್‌ನ ಬಲ ಕಲ್ಲಿನ ದ್ರವ್ಯರಾಶಿ ಕೇಂದ್ರದ ಮೂಲಕವೇ ಹಾಯಬೇಕು. ಸ್ವಲ್ಪ ಪಕ್ಕಕ್ಕೆ ಹೋದರೂ ಕಲ್ಲು ಮುಂದಕ್ಕೆ ಹೋಗುವ ಬದಲು ಗಿರಗಿರ ತಿರುಗಲು ಶುರು ಮಾಡುತ್ತದೆ. ಅದಕ್ಕಾಗಿ ಆಟದಲ್ಲಿ ಕಲ್ಲಿನ ಕೇಂದ್ರವನ್ನೇ ಗುರಿಯಾಗಿ ಇಟ್ಟುಕೊಳ್ಳುವ ಅನುಕೂಲ ಇದೆ. ಕ್ಲಾದ ಕೀಲನ್ನು ಸಡಿಲ ಮಾಡಿ, ನೌಕೆಯ ಮೂತಿಯನ್ನು ಆ ಕೇಂದ್ರದ ಕಡೆಗೆ ಹೊರಳಿಸಿ, ಮತ್ತೆ ಕೀಲು ಬಿಗಿ ಮಾಡಬೇಕು. ಆಮೇಲೆ ಎಂಜಿನ್. ನನ್ನ ನೌಕೆಯಲ್ಲಿ ಇದ್ದದ್ದು ಒಂದೇ ಒಂದು ನರ್ವ್ ಅಣು ಎಂಜಿನ್. ಅದರ ಬಲ 60 ಕಿಲೋನ್ಯೂಟನ್. 180 ಟನ್ನಿನ ವೇಗಕ್ಕೆ ಅದು ಉರಿಯುವ ಪ್ರತಿಯೊಂದು ಸೆಕೆಂಡಿನಲ್ಲೂ ಸೆಕೆಂಡಿಗೆ ಮೂರನೇ ಒಂದು ಮೀಟರ್‌ನಷ್ಟು ಸೇರಿಸುತ್ತದೆ. ಸೆಕೆಂಡಿಗೆ ನೂರು ಮೀಟರ್ ವೇಗ ಬೇಕೆಂದರೆ ಐದು ನಿಮಿಷ ಎಂಜಿನ್ ಉರಿಯಬೇಕು. ಆ ಐದು ನಿಮಿಷ ಮ್ಯಾಪನ್ನೇ ನೋಡುತ್ತಾ ಕೂತಿದ್ದೆ. ಕರ್ಬಿನ್ ಒಳಗೆ ಹುಗಿದಿದ್ದ ಗೆರೆ ಮೆಲ್ಲಗೆ ಮೇಲೆದ್ದು, ಗ್ರಹದ ಅಂಚಿಗೆ ಬಂದು, ಅಂಚನ್ನು ದಾಟಿ ಹೊರಗೆ ಬಂತು. ಕೋಣೆಯಲ್ಲಿ ಒಬ್ಬನೇ ಇದ್ದೆ. ಜೋರಾಗಿ ಚಪ್ಪಾಳೆ ತಟ್ಟಿದೆ.

ಆಟ ಇಲ್ಲಿ ಕಲಿಸುವ ಪಾಠ ಪೂರ್ತಿ ನಿಜ. ಬೇಗ ತಳ್ಳಿದರೆ ಸ್ವಲ್ಪವೇ ಸಾಕು. ತಡವಾದರೆ ಎಷ್ಟು ತಳ್ಳಿದರೂ ಸಾಲದು. ದೂರದಲ್ಲಿ ಇರುವಾಗ ಕೊಟ್ಟ ಸಣ್ಣ ವೇಗ ದಿನಗಳು ಉರುಳಿದಂತೆ ಸಾವಿರಾರು ಕಿಲೋಮೀಟರ್ ಆಗಿ ಬೆಳೆಯುತ್ತದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಸುಮಾರು 160 ಮೀಟರ್ ಅಗಲದ ಕಲ್ಲಿಗೆ ಸೆಕೆಂಡಿಗೆ 6 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹೋಗಿ ಗುದ್ದಿತು. ಆ ಕಲ್ಲಿನ ವೇಗದಲ್ಲಿ ಆದ ಬದಲಾವಣೆ ಸೆಕೆಂಡಿಗೆ 3 ಮಿಲಿಮೀಟರ್‌ಗಿಂತಲೂ ಕಡಿಮೆ. ಅಷ್ಟಕ್ಕೇ ಅದು ತನ್ನ ದೊಡ್ಡಣ್ಣ ಡಿಡಿಮಸ್ ಸುತ್ತ ಒಂದು ಸುತ್ತು ಹಾಕುವ ಸಮಯ 11 ಗಂಟೆ 55 ನಿಮಿಷದಿಂದ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು. ಆ ಸುದ್ದಿ ಓದಿದಾಗ ಕರ್ಬಲ್ ಆಡಿದವರಿಗೆ ಆದ ಖುಷಿ ಬೇರೆಯೇ. ಆ ಮಿಲಿಮೀಟರ್‌ಗಳ ಬೆಲೆ ನಮಗೆ ಗೊತ್ತಿತ್ತು.

'ಹಾಗಾದ್ರೆ ತಳ್ಳೋದ್ಯಾಕೆ?'

ಅಕ್ಕನ ಮಗ ರಜೆಗೆ ಬಂದಿದ್ದ. ಹೈಸ್ಕೂಲಿನ ಹುಡುಗ. ನಾನು ಆಡುವುದನ್ನು ಪಕ್ಕದಲ್ಲಿ ಕೂತು ನೋಡುವುದು ಅವನಿಗೆ ಇಷ್ಟ. ಒಂದು ಮಧ್ಯಾಹ್ನ ಪಟ್ಟಿಯಲ್ಲಿ ಇ ವರ್ಗದ ಕಲ್ಲೊಂದು ಸಿಕ್ಕಿತು. ಇ ವರ್ಗ ಅಂದರೆ ಸಾವಿರ ಟನ್ ದಾಟುವ ರಾಕ್ಷಸ. ಅದರ ಗೆರೆಯೂ ಕರ್ಬಿನ್ ಮೇಲೆಯೇ ಬಂದು ನಿಲ್ಲುತ್ತಿತ್ತು.

"ಮಾಮ, ಇದನ್ನ ತಳ್ದೆ ಹಾಗೇ ಬಿಟ್ರೆ ಏನಾಗುತ್ತೆ?"

"ನೋಡೋಣ ತಡಿ."

ಟ್ರ್ಯಾಕ್ ಮಾಡಿ, ಟ್ರ್ಯಾಕಿಂಗ್ ಸ್ಟೇಷನ್‌ನಲ್ಲೇ ಕೂತು ಸಮಯವನ್ನು ಓಡಿಸಿದೆವು. ಚುಕ್ಕಿ ಗೆರೆಯ ಮೇಲೆ ಜಾರುತ್ತಾ ಬಂತು. ಮುನ್ ಕಕ್ಷೆ ದಾಟಿತು. ಅವನು ಕುರ್ಚಿಯ ಅಂಚಿಗೆ ಬಂದು ಕೂತ. ಚುಕ್ಕಿ ಗ್ರಹವನ್ನು ಮುಟ್ಟಿತು. ಪಟ್ಟಿಯಲ್ಲಿದ್ದ ಒಂದು ಸಾಲು ಇಲ್ಲವಾಯಿತು. ಅಷ್ಟೇ.

"ಎಲ್ಲಿ ಹೋಯ್ತು?"

"ಆಟ ಅದನ್ನ ತೆಗೆದುಬಿಡ್ತು."

"ಅಂದ್ರೆ ಬೀಳ್ಲೇ ಇಲ್ವಾ?"

ಕರ್ಬಿನ್‌ಗೆ ವಾಪಸ್ ಹೋಗಿ ನೋಡಿದೆವು. ಉಡಾವಣಾ ಕಟ್ಟಡ, ರನ್‌ವೇ, ಹುಲ್ಲು, ಸಮುದ್ರ, ಎಲ್ಲವೂ ಇದ್ದಂತೆಯೇ ಇದ್ದವು. ನಾನು ಅವನಿಗೆ ಕಾರಣ ಬಿಡಿಸಿ ಹೇಳಿದೆ. ಆಟಗಾರ ಇರುವ ಜಾಗದ ಸುತ್ತಮುತ್ತ ಮಾತ್ರ ಆಟ ಗಾಳಿ, ಬಿಸಿ, ಡಿಕ್ಕಿ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ದೂರದಲ್ಲಿ ಇರುವ ವಸ್ತುಗಳು ತಮ್ಮ ಗೆರೆಯ ಮೇಲೆ ಸುಮ್ಮನೆ ಜಾರುತ್ತಿರುತ್ತವೆ. ಹಾಗೆ ಜಾರುತ್ತಾ ಗಾಳಿಯ ಒಳಗೆ ತುಂಬಾ ಕೆಳಕ್ಕೆ ಇಳಿದರೆ ಅವನ್ನು ಅಳಿಸಿಹಾಕುತ್ತದೆ. ನಾವು ಕಲ್ಲಿನ ಜೊತೆಗೇ ಇಳಿದಿದ್ದರೂ ನೆಲದ ಮೇಲೆ ಒಂದು ಗುಳಿಯೂ ಬೀಳುತ್ತಿರಲಿಲ್ಲ, ಆ ನೆಲ ಬದಲಾಗುವಂಥದ್ದೇ ಅಲ್ಲ ಎಂದೂ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಹಾಗಾದ್ರೆ ತಳ್ಳೋದ್ಯಾಕೆ ಮಾಮ?"

ಆ ಮಧ್ಯಾಹ್ನ ನಾನು ಅವನಿಗೆ ಹೇಳಿದ್ದು ಚೆಲ್ಯಾಬಿನ್ಸ್ಕ್ ಕಥೆ. 2013ರ ಫೆಬ್ರುವರಿ 15. ಅವತ್ತು ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಒಂದು ಕಲ್ಲಿಗಾಗಿ ಕಾಯುತ್ತಿದ್ದರು. 2012 ಡಿಎ14 ಅದರ ಹೆಸರು. ಸ್ಪೇನ್‌ನ ಒಂದು ವೀಕ್ಷಣಾಲಯ ಅದನ್ನು ಒಂದು ವರ್ಷ ಮುಂಚೆಯೇ ಪತ್ತೆ ಮಾಡಿತ್ತು. ಅದು ಭೂಮಿಯಿಂದ ಸುಮಾರು 27,700 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ, ಬೀಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ದೂರದರ್ಶಕಗಳು ಸಜ್ಜಾಗಿದ್ದವು. ಅದು ಬರಲು ಇನ್ನೂ 16 ಗಂಟೆ ಇರುವಾಗ, ರಷ್ಯಾದ ಉರಲ್ ಸೀಮೆಯ ಚೆಲ್ಯಾಬಿನ್ಸ್ಕ್ ಮೇಲೆ ಬೇರೆ ಒಂದು ಕಲ್ಲು ಬಂದು ಸಿಡಿಯಿತು. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಂದ ದಾರಿಯೇ ಬೇರೆ. ಸುಮಾರು 20 ಮೀಟರ್ ಅಗಲದ ಕಲ್ಲು, ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ದೂರದರ್ಶಕಕ್ಕೂ ಕಂಡಿರಲಿಲ್ಲ.

ಮೊದಲು ಬಂದದ್ದು ಬೆಳಕು. ಚಳಿಗಾಲದ ಬೆಳಗ್ಗೆ ಸೂರ್ಯನಿಗಿಂತ ಜೋರಾದ ಬೆಳಕು. ಏನದು ಎಂದು ನೋಡಲು ಜನ ಕಿಟಕಿಗಳ ಹತ್ತಿರ ಬಂದರು. ಒಂದೆರಡು ನಿಮಿಷದ ಮೇಲೆ ಗಾಳಿಯ ಹೊಡೆತ ಬಂತು. ಕಿಟಕಿ ಗಾಜುಗಳು ಒಡೆದು ಮುಖಕ್ಕೆ, ಕೈಗೆ ಬಡಿದವು. ಸುಮಾರು 1,500 ಜನ ಚಿಕಿತ್ಸೆಗೆ ಹೋಗಬೇಕಾಯಿತು. ಒಬ್ಬ ಶಾಲಾ ಶಿಕ್ಷಕಿ ಬೆಳಕು ಕಂಡ ಕೂಡಲೇ ತನ್ನ ತರಗತಿಯ ಮಕ್ಕಳನ್ನೆಲ್ಲ ಡೆಸ್ಕಿನ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ, ಅವರ ಕೈಗೆ ಗಾಜು ಕೊಯ್ದಿತು.

ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವ್ರು ಆ ಇನ್ನೊಂದನ್ನ ನೋಡ್ತಾ ಇದ್ರು" ಅಂದ. ಆ ದಿನದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಈ ಒಂದು ಮಾತು ನೇರವಾಗಿತ್ತು. ಪಟ್ಟಿಯಲ್ಲಿ ಇದ್ದ ಕಲ್ಲು ಹೇಳಿದ ಸಮಯಕ್ಕೆ ಬಂದು ಹೇಳಿದ ದಾರಿಯಲ್ಲಿ ಹೋಯಿತು. ಪಟ್ಟಿಯಲ್ಲಿ ಇಲ್ಲದ್ದು ಊರಿನ ಮೇಲೆ ಬಂತು.

ಗೆರೆ ಇಷ್ಟು ಸಣ್ಣಗೆ ಇರುವುದಿಲ್ಲ

ಆಟದ ಇನ್ನೊಂದು ವಿಷಯ ನನಗೆ ಕಾಡುವುದು ಆ ಗೆರೆ. ಟ್ರ್ಯಾಕ್ ಎಂದು ಒತ್ತಿದ ತಕ್ಷಣ ಕೂದಲಿನಷ್ಟು ತೆಳುವಾದ ಒಂದು ಗೆರೆ ಬರುತ್ತದೆ. ಅದು ತಪ್ಪುವುದೇ ಇಲ್ಲ. ವರ್ಷಗಳ ನಂತರ ಕಲ್ಲು ಎಲ್ಲಿರುತ್ತದೆ ಎಂದು ಆಟಕ್ಕೆ ಆ ಕ್ಷಣವೇ ಗೊತ್ತು. ಹಾಗಾಗಿ ಆಟದಲ್ಲಿ ಇರುವ ಕಷ್ಟವೆಲ್ಲ ತಳ್ಳುವುದರಲ್ಲಿ. ತಿಳಿಯುವುದು ಒಂದು ಗುಂಡಿಯ ಕೆಲಸ. ನಿಜವಾದ ಕಲ್ಲುಗಳ ಜೊತೆ ಕೆಲಸ ಮಾಡುವವರ ಬದುಕಿನ ಬಹುಪಾಲು ಹೋಗುವುದು ಆ ತಿಳಿಯುವುದರಲ್ಲೇ.

2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ 2024 ವೈಆರ್4 ಎಂಬ ಕಲ್ಲು ಸಿಕ್ಕಿತು. ಸುಮಾರು 60 ಮೀಟರ್ ಅಗಲ. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ ಒಂದು ಎಂದು ಜನವರಿ ಕೊನೆಯಲ್ಲಿ ಸುದ್ದಿ ಬಂತು. ಆಮೇಲೆ ಎರಡು. ಫೆಬ್ರುವರಿ 18ಕ್ಕೆ ಶೇಕಡಾ 3.1. ಇಷ್ಟು ದೊಡ್ಡ ಕಲ್ಲಿಗೆ ಅಷ್ಟು ದೊಡ್ಡ ಅಂಕಿ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. ಬೀಳಬಹುದಾದ ಜಾಗಗಳ ಪಟ್ಟಿ ಪೆಸಿಫಿಕ್ ಸಾಗರದ ಪೂರ್ವದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗ, ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಹರಡಿತ್ತು. ಹಾಗಾಗಿ ನಮ್ಮ ಟಿವಿಗಳಲ್ಲೂ ಬೆಂಕಿಯುಂಡೆಗಳು ಓಡಾಡಿದವು. ಅಮ್ಮ ಫೋನ್ ಮಾಡಿ "ಏನೋ ಕಲ್ಲು ಬೀಳುತ್ತಂತಲ್ಲ, ನಿಜವೇನೋ?" ಎಂದು ಕೇಳಿದರು.

ಅಂಕಿ ಏರುತ್ತಿದೆ ಅಂದರೆ ಅಪಾಯ ಹತ್ತಿರವಾಗುತ್ತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಕೆಲವೇ ರಾತ್ರಿ ನೋಡಿದ ಕಲ್ಲಿಗೆ ಒಂದು ಗೆರೆ ಇರುವುದಿಲ್ಲ. ಎಂಟು ವರ್ಷದ ಮೇಲೆ ಅದು ಇರಬಹುದಾದ ಜಾಗ ಲಕ್ಷಾಂತರ ಕಿಲೋಮೀಟರ್ ಉದ್ದದ ಒಂದು ಪಟ್ಟೆ. ಭೂಮಿ ಆ ಪಟ್ಟೆಯೊಳಗೆ ಒಂದು ಸಣ್ಣ ಚುಕ್ಕಿ. ಇನ್ನಷ್ಟು ರಾತ್ರಿ ನೋಡಿದಂತೆ ಪಟ್ಟೆ ಚಿಕ್ಕದಾಗುತ್ತದೆ. ಭೂಮಿ ಇನ್ನೂ ಅದರೊಳಗೇ ಇದ್ದರೆ, ಪಟ್ಟೆಯಲ್ಲಿ ಭೂಮಿಯ ಪಾಲು ಜಾಸ್ತಿಯಾಗುತ್ತದೆ, ಅಲ್ವಾ? ಅದಕ್ಕೇ ಅಂಕಿ ಏರುತ್ತದೆ. ಕಲ್ಲು ಒಂದಿಷ್ಟೂ ದಾರಿ ಬದಲಿಸಿರುವುದಿಲ್ಲ, ನಮ್ಮ ತಿಳಿವಳಿಕೆ ಮಾತ್ರ ಬದಲಾಗಿರುತ್ತದೆ. ಮುಂದೆ ಒಂದು ದಿನ ಪಟ್ಟೆಯ ತುದಿ ಭೂಮಿಯನ್ನು ಬಿಟ್ಟು ಆಚೆ ಸರಿಯುತ್ತದೆ. ಆಗ ಅಂಕಿ ಒಮ್ಮೆಲೇ ಕುಸಿಯುತ್ತದೆ. ವೈಆರ್4 ವಿಷಯದಲ್ಲಿ ಹಾಗೇ ಆಯಿತು. ಒಂದೇ ವಾರದಲ್ಲಿ ಶೇಕಡಾ 3.1 ಇದ್ದದ್ದು ಸೊನ್ನೆಯ ಹತ್ತಿರಕ್ಕೆ ಬಂತು. ಅಮ್ಮನಿಗೆ ಇದನ್ನು ಹೇಳುವಾಗ ಕಾಗದದ ಮೇಲೆ ಪಟ್ಟೆ ಬರೆದು ಫೋಟೋ ಕಳಿಸಿದೆ.

2004ರಲ್ಲಿ ಅಪೋಫಿಸ್ ಸಿಕ್ಕಾಗಲೂ ಇದೇ ನಡೆದಿತ್ತು. ಆ ಡಿಸೆಂಬರ್‌ನಲ್ಲಿ, 2029ಕ್ಕೆ ಬಡಿಯುವ ಸಾಧ್ಯತೆ ಶೇಕಡಾ 2.7ರವರೆಗೆ ಹೋಯಿತು. ಆಮೇಲೆ ಅದೇ ವರ್ಷದ ಮಾರ್ಚ್ ತಿಂಗಳ ಹಳೆಯ ಚಿತ್ರಗಳನ್ನು ಹುಡುಕಿದಾಗ, ಅಲ್ಲಿ ಯಾರೂ ಗಮನಿಸದೆ ಬಿಟ್ಟಿದ್ದ ಒಂದು ಮಸುಕು ಗುರುತು ಇದೇ ಕಲ್ಲಿನದ್ದು ಎಂದು ಗೊತ್ತಾಯಿತು. ಆ ಒಂದು ಗುರುತಿನಿಂದ ಪಟ್ಟೆ ಎಷ್ಟು ಕಿರಿದಾಯಿತೆಂದರೆ 2029ರ ಭಯವೇ ಹೋಯಿತು. ಈಗ ನಮಗೆ ಗೊತ್ತಿರುವ ಪ್ರಕಾರ 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ, ಅದು ನೆಲದಿಂದ ಸುಮಾರು 32,000 ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ನಮ್ಮ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಇರುವ ಎತ್ತರಕ್ಕಿಂತ ಕೆಳಗೆ. ಯಾರೋ ತೆಗೆದು ಜೋಪಾನವಾಗಿ ಇಟ್ಟ ಚಿತ್ರಗಳಿಂದ ಇಷ್ಟು ದೊಡ್ಡ ನೆಮ್ಮದಿ ಬಂತು ಎನ್ನುವುದು ನನಗೆ ಡಾರ್ಟ್ ಡಿಕ್ಕಿಯಷ್ಟೇ ರೋಮಾಂಚನದ ವಿಷಯ.

ಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಆಟದಲ್ಲಿ ಕ್ಷುದ್ರಗ್ರಹ ಒಂದೇ ಗಟ್ಟಿ ಬಂಡೆ. ಕ್ಲಾ ಎಲ್ಲಿ ಕಚ್ಚಿದರೂ ಕಚ್ಚಿಕೊಳ್ಳುತ್ತದೆ. 2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹವನ್ನು ಮುಟ್ಟಿದಾಗ ಅದರ ಕೈ ಅರ್ಧ ಮೀಟರ್‌ನಷ್ಟು ಒಳಗೆ ಹೋಯಿತು. ಹಿಮ್ಮುಖ ಎಂಜಿನ್ ಹಚ್ಚದೆ ಇದ್ದಿದ್ದರೆ ಇನ್ನೂ ಒಳಗೆ ಇಳಿಯುತ್ತಿತ್ತು. ಅರ್ಧ ಕಿಲೋಮೀಟರ್ ಅಗಲದ ಬೆನ್ನು ಒಂದು ಸಡಿಲ ಜಲ್ಲಿ ರಾಶಿ, ತನ್ನದೇ ಸಣ್ಣ ಗುರುತ್ವದಿಂದ ಹೇಗೋ ಒಟ್ಟಿಗೆ ನಿಂತಿದೆ. ಸಂಗ್ರಹದ ಡಬ್ಬಿಯ ಬಾಯಿಗೆ ಕಲ್ಲುಗಳು ಸಿಕ್ಕಿಕೊಂಡು, ಮುಚ್ಚಳ ಸರಿಯಾಗಿ ಮುಚ್ಚದೆ, ಒಂದಷ್ಟು ಚೂರುಗಳು ಹೊರಗೆ ತೇಲಿಹೋದವು. ಹಾಗಿದ್ದೂ 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದದ್ದು 121.6 ಗ್ರಾಂ. ಇಂಥದ್ದನ್ನು ಹಿಡಿದು ತಳ್ಳುವುದು ಹೇಗೆ ಎಂದು ಕೂತು ಯೋಚಿಸಿದರೆ ನನ್ನ ಆ ಸಿ ವರ್ಗದ ಕಲ್ಲು ಎಷ್ಟು ಒಳ್ಳೆಯದಿತ್ತು ಅನ್ನಿಸುತ್ತದೆ.

ಹಾರದೆ ಉಳಿದ ಎರಡು

ಆಟದ ಅಪ್‌ಡೇಟ್‌ಗೆ ಹೆಸರು ಕೊಟ್ಟ ಆ ನಾಸಾ ಯೋಜನೆ ಏನಾಯಿತು? 2012ರಲ್ಲಿ ಕೆಕ್ ಸಂಸ್ಥೆಯ ಒಂದು ಅಧ್ಯಯನ, ಸುಮಾರು 7 ಮೀಟರ್ ಅಗಲದ 500 ಟನ್ ಕಲ್ಲೊಂದನ್ನು ಚಂದ್ರನ ಸುತ್ತ ತಂದು ನಿಲ್ಲಿಸಲು ಸಾಧ್ಯ ಎಂದು ಹೇಳಿತ್ತು. ಅದರಿಂದ ಶುರುವಾದ ಯೋಜನೆ 2015ರ ಹೊತ್ತಿಗೆ ಬದಲಾಯಿತು. ಇಡೀ ಕಲ್ಲಿನ ಬದಲು ದೊಡ್ಡ ಕ್ಷುದ್ರಗ್ರಹದ ಮೇಲಿಂದ ಒಂದು ಬಂಡೆಯನ್ನು ಎತ್ತಿ ತರೋಣ ಎಂದರು. 2017ರಲ್ಲಿ ಹಣ ನಿಂತಿತು, ಯೋಜನೆಯೂ ನಿಂತಿತು.

ಇನ್ನೊಂದರ ಕಥೆ ನನಗೆ ಇದಕ್ಕಿಂತ ಹತ್ತಿರ. ಬಿ612 ಎಂಬ ಖಾಸಗಿ ಪ್ರತಿಷ್ಠಾನ 2012ರಲ್ಲಿ ಸೆಂಟಿನೆಲ್ ಎಂಬ ದೂರದರ್ಶಕವನ್ನು ಹಾರಿಸುತ್ತೇವೆ ಎಂದಿತು. ಅದನ್ನು ಶುಕ್ರಗ್ರಹದ ಕಕ್ಷೆಯ ಹತ್ತಿರ ಇಟ್ಟು, ಸೂರ್ಯನಿಗೆ ಬೆನ್ನು ಹಾಕಿ ಹೊರಗಡೆ ನೋಡುವಂತೆ ಮಾಡುವುದು ಉದ್ದೇಶ. ಎಷ್ಟು ಜಾಣ ಯೋಚನೆ ನೋಡಿ. ಭೂಮಿಯಿಂದ ನೋಡುವವರಿಗೆ ಸೂರ್ಯನ ದಿಕ್ಕು ಕುರುಡು, ಚೆಲ್ಯಾಬಿನ್ಸ್ಕ್ ಕಲ್ಲು ಬಂದದ್ದು ಅಲ್ಲಿಂದಲೇ. ಒಳಗಿನಿಂದ ಹೊರಗೆ ನೋಡಿದರೆ ಆ ಕುರುಡು ಜಾಗವೇ ಕಣ್ಣ ಮುಂದೆ ಬರುತ್ತದೆ. ಅದೂ ಅವಕೆಂಪು ಬೆಳಕಿನಲ್ಲಿ. ಬೆನ್ನುವಿನಂಥ ಕಲ್ಲುಗಳು ಇದ್ದಿಲಿನ ಬಣ್ಣದವು. ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ವಾಪಸ್ ಕೊಡುತ್ತವೆ. ಆದರೆ ಬಿಸಿಲಿಗೆ ಕಾದು ಬೆಚ್ಚಗಿರುತ್ತವೆ, ಆ ಬಿಸಿ ಅವಕೆಂಪಿನಲ್ಲಿ ಕಾಣುತ್ತದೆ. 2015ರಲ್ಲಿ ಸ್ಕ್ವಾಡ್ ಮತ್ತು ಬಿ612 ಸೇರಿ ಕರ್ಬಲ್ ಆಟಕ್ಕೆ ಇದೇ ಸೆಂಟಿನೆಲ್ ಅನ್ನು ಒಂದು ಬಿಡಿಭಾಗವಾಗಿ ತಂದರು. ಎರಡು ವರ್ಷದ ಮೇಲೆ ಅದು ಮೂಲ ಆಟದೊಳಗೇ ಸೇರಿತು. ನಿಜವಾದ ಸೆಂಟಿನೆಲ್‌ಗೆ ಬೇಕಾದಷ್ಟು ಹಣ ಸೇರಲಿಲ್ಲ. ಅದು ಹಾರಲೇ ಇಲ್ಲ.

ಹಾಗಾಗಿ ಈಗಲೂ ಯಾರಾದರೂ ಆಟ ತೆರೆದು ಆ ಭಾಗವನ್ನು ನೌಕೆಯ ತುದಿಗೆ ಜೋಡಿಸಿ, ಆಟದ ಶುಕ್ರನಾದ ಈವ್ ಗ್ರಹದ ಕಕ್ಷೆಯ ಸ್ವಲ್ಪ ಹೊರಗೆ ಇಟ್ಟರೆ, ನಮ್ಮ ಜಗತ್ತಿನಲ್ಲಿ ಆಗದೆ ಉಳಿದ ಕೆಲಸವೊಂದು ಅಲ್ಲಿ ನಡೆಯುತ್ತದೆ. ನಾನು ಹೊಸ ಆಟ ಶುರು ಮಾಡಿದಾಗಲೆಲ್ಲ ಮುನ್‌ಗೆ ಹೋದ ಮೇಲೆ ಮಾಡುವ ಮುಂದಿನ ಕೆಲಸ ಇದೇ. ಗೆಳೆಯರು ಆಟದ ಮಂಗಳನಾದ ಡ್ಯೂನಾಗೆ ಓಡುತ್ತಾರೆ. ನಾನು ಕಾವಲು ಕೂರಿಸುತ್ತೇನೆ. ನಿಜ ಜಗತ್ತಿನಲ್ಲಿ ಆ ಜಾಗ ತುಂಬಲು ನಾಸಾ ನಿಯೋ ಸರ್ವೇಯರ್ ಎಂಬ ಅವಕೆಂಪು ದೂರದರ್ಶಕ ಕಟ್ಟುತ್ತಿದೆ. 2027ರಲ್ಲಿ ಹಾರಿಸುವ ಯೋಚನೆ ಇದೆ. 140 ಮೀಟರ್‌ಗಿಂತ ದೊಡ್ಡದಾದ, ಭೂಮಿಯ ಹತ್ತಿರ ಸುಳಿಯುವ ಕಲ್ಲುಗಳಲ್ಲಿ ಅರ್ಧದಷ್ಟನ್ನೂ ನಾವಿನ್ನೂ ಕಂಡುಹಿಡಿದಿಲ್ಲ ಎನ್ನುವುದು ಅದನ್ನು ಕಟ್ಟುತ್ತಿರುವವರ ಲೆಕ್ಕ.

ಕಾವಲು ಅಂದಾಗ ನನಗೆ ಕಾವಲೂರು ನೆನಪಾಗುತ್ತದೆ. ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿ, ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯ ಅದು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಸ್ಮಿಟ್ ದೂರದರ್ಶಕದಿಂದ ಕ್ಷುದ್ರಗ್ರಹಗಳನ್ನು ಹುಡುಕುವ ಕೆಲಸ ನಡೆಯಿತು. ಅದಕ್ಕೆ ಕಲ್ಕಿ ಯೋಜನೆ ಎಂದು ಹೆಸರು. 1988ರ ಫೆಬ್ರುವರಿ 17ರಂದು ಆರ್. ರಾಜಮೋಹನ್ ಅವರಿಗೆ ಒಂದು ಹೊಸ ಕ್ಷುದ್ರಗ್ರಹ ಸಿಕ್ಕಿತು. ಈಗ ಅದು 4130 ರಾಮಾನುಜನ್. ಆಗ ಚಿತ್ರ ಹಿಡಿಯುತ್ತಿದ್ದದ್ದು ರಾಸಾಯನಿಕ ಬಳಿದ ಫಿಲ್ಮಿನ ಮೇಲೆ. ಒಂದೇ ಆಕಾಶದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಸಾವಿರಾರು ಚುಕ್ಕಿಗಳಲ್ಲಿ ಯಾವುದು ಜಾಗ ಬಿಟ್ಟು ಸರಿದಿದೆ ಎಂದು ಕಣ್ಣಲ್ಲೇ ಹುಡುಕಬೇಕು. 2025ರ ಜೂನ್‌ನಲ್ಲಿ ಚಿಲಿಯ ವೆರಾ ರುಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ತೋರಿಸಿದಾಗ, ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಆ ಸಂಖ್ಯೆ ನೋಡಿ ಖುಷಿಯಾಯಿತು. ಬೆಟ್ಟದ ಚಳಿಯಲ್ಲಿ ರಾತ್ರಿಯಿಡೀ ದೂರದರ್ಶಕದ ಹತ್ತಿರ ನಿಂತು, ಹಗಲಲ್ಲಿ ಫಿಲ್ಮಿನ ಮೇಲೆ ಬಗ್ಗಿ ಹುಡುಕಿದವರ ಬಗ್ಗೆ ನನ್ನ ಗೌರವ ಅದರಿಂದ ಇನ್ನೂ ಜಾಸ್ತಿಯಾಯಿತು.

ನನಗೆ ಬೇಕಾದ ಆಟ

ಇಂಥ ಇನ್ನೊಂದು ಆಟ ಯಾರಾದರೂ ಮಾಡುವುದಾದರೆ ಅವರಿಗೆ ನನ್ನದೊಂದು ಕೋರಿಕೆ. ಟ್ರ್ಯಾಕ್ ಗುಂಡಿ ಒತ್ತಿದ ಕೂಡಲೇ ಗೆರೆ ಕೊಡಬೇಡಿ. ಪಟ್ಟೆ ಕೊಡಿ. ದೂರದರ್ಶಕವನ್ನು ಯಾವ ಕಲ್ಲಿನ ಕಡೆ ಎಷ್ಟು ರಾತ್ರಿ ತಿರುಗಿಸಬೇಕು ಎಂದು ನಾವೇ ತೀರ್ಮಾನ ಮಾಡುವಂತಿರಲಿ. ಒಂದನ್ನು ನೋಡುತ್ತಿರುವಾಗ ಇನ್ನೊಂದು ಕಾಣದಂತಿರಲಿ. ಪಟ್ಟೆ ಇನ್ನೂ ಅಗಲ ಇರುವಾಗಲೇ ನೌಕೆ ಕಟ್ಟಲು ಶುರು ಮಾಡಬೇಕೋ, ಇನ್ನೊಂದಿಷ್ಟು ಕಾಯಬೇಕೋ ಎಂಬ ಇಕ್ಕಟ್ಟು ಬರಲಿ. ಕಾದರೆ ಚೆನ್ನಾಗಿ ತಿಳಿಯುತ್ತದೆ, ಆದರೆ ತಳ್ಳುವ ಹೊತ್ತು ಮೀರುತ್ತದೆ. ಬೇಗ ಹೊರಟರೆ ತಪ್ಪು ಕಲ್ಲಿಗೆ ನೌಕೆ ಕಳಿಸಿರಬಹುದು. ಮತ್ತೆ, ನಾವು ನೋಡದ ಕಲ್ಲನ್ನು ಅಳಿಸಬೇಡಿ. ಅದು ಬರಲಿ.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಅಕ್ಕನ ಮಗನಿಗೆ ಹೇಳಿದೆ. ಅವನೀಗ ಪಿಯುಸಿ. ತಾನೇ ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾನೆ.

"ಸುಮ್ನೆ ಆಕಾಶ ನೋಡ್ತಾ ಕೂರೋದು ಬೋರ್ ಆಗಲ್ವಾ ಮಾಮ? ಯಾರು ಆಡ್ತಾರೆ?"

ವೈಆರ್4 ಅಂಕಿ ದಿನಾ ಬದಲಾಗುತ್ತಿದ್ದ ಆ ಫೆಬ್ರುವರಿಯಲ್ಲಿ ನೀನು ದಿನಕ್ಕೆ ಎಷ್ಟು ಸಲ ನನಗೆ ಮೆಸೇಜ್ ಮಾಡಿ ಇವತ್ತು ಎಷ್ಟಾಯ್ತು ಎಂದು ಕೇಳುತ್ತಿದ್ದೆ, ನೆನಪಿದೆಯಾ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು ಕೇಳಿಸಿತು.

"ಆ ಪಟ್ಟೆ ಲೆಕ್ಕ ಹಾಕೋದು ಹೇಗೆ ಅಂತ ಹೇಳ್ಕೊಡ್ತೀರಾ?" ಅಂದ. ಈ ಭಾನುವಾರ ಕೂರೋಣ ಎಂದಿದ್ದೇವೆ.